ದುಡಿಮೆಯ ವೇಳೆ ಮತ್ತು ವೇತನದ ಲೆಕ್ಕ: ಸರ್ ಎಂ. ವಿಶ್ವೇಶ್ವರಯ್ಯನವರ ಜೀವನದ ಹಿನ್ನೆಲೆಯಲ್ಲಿ ಒಂದು ಮಾಹಿತಿ

ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳಲ್ಲಿ ತೋಟ, ಗಿರಣಿ, ಅಂಗಡಿ, ಕಾಮಗಾರಿ ಹಾಗೂ ಗುತ್ತಿಗೆ ಕೆಲಸಗಳಲ್ಲಿ ತೊಡಗಿರುವವರಿಗೆ ಹಾಜರಿ ಪುಸ್ತಕದ ಒಂದು ಗುರುತು ಒಂದು ದಿನದ ಅನ್ನಕ್ಕೆ ಸಮಾನವಾಗಿರುತ್ತದೆ. ಕಾಲು ಗಂಟೆ ತಡವಾಗಿ ಬಂದವರಿಗೆ ಅರ್ಧ ದಿನದ ಕೂಲಿ ಹಿಡಿಯಬಹುದೇ, ಪಾಳಿ ಮುಗಿದ ಮೇಲೆ ಇಪ್ಪತ್ತು ನಿಮಿಷ ನಿಲ್ಲಿಸಿಕೊಂಡರೆ ಅದಕ್ಕೆ ಹಣ ಸಲ್ಲಬೇಕೇ ಎಂಬ ಪ್ರಶ್ನೆಗಳು ಇಲ್ಲಿಂದಲೇ ಹುಟ್ಟುತ್ತವೆ. ವೇತನ ಕಡಿತ ಹಾಗೂ ಹೆಚ್ಚುವರಿ ವೇಳೆಯ ಕುರಿತು ಅರ್ಜಿ ಸಲ್ಲಿಸುವ ಸಾರ್ವಜನಿಕರ ತಿಳಿವಳಿಕೆಗಾಗಿ, ವೇಳೆಯ ಶಿಸ್ತಿಗೆ ನಾಡಿನಲ್ಲಿ ಹೆಸರಾದ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಜೀವನ ಪರಿಚಯವನ್ನೂ ಅದರೊಡನೆ ಇಂದಿನ ನಿಯಮಗಳನ್ನೂ ಇಲ್ಲಿ ನೀಡಲಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರ ಸಮೀಪದ ಮುದ್ದೇನಹಳ್ಳಿಯವರು. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ದೇಶದಾದ್ಯಂತ ಎಂಜಿನಿಯರುಗಳ ದಿನವನ್ನಾಗಿ ಆಚರಿಸಲಾಗುತ್ತದೆ. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿ ತಮ್ಮ ಖರ್ಚು ನಿಭಾಯಿಸಿಕೊಂಡರು. ತಮ್ಮ ವೇಳೆಯನ್ನು ಕೊಟ್ಟು ಅದರ ಪ್ರತಿಫಲದಿಂದ ಬದುಕುವುದೆಂದರೇನು ಎಂಬುದು ಅವರಿಗೆ ವಿದ್ಯಾರ್ಥಿ ದೆಸೆಯಲ್ಲಿಯೇ ಅನುಭವಕ್ಕೆ ಬಂದಿತ್ತು.

1881ರಲ್ಲಿ ಅವರು ಬಿ.ಎ. ಪದವಿ ಪಡೆದರು. ಬ್ರಿಟಿಷ್ ಭಾರತದ ಮೊದಲ ಕಾರ್ಖಾನೆ ಕಾಯಿದೆ ಬಂದದ್ದೂ ಅದೇ ವರ್ಷ. ಆ ಕಾಯಿದೆಯು ಮಕ್ಕಳ ದುಡಿಮೆಯನ್ನು ದಿನಕ್ಕೆ 9 ಗಂಟೆಗೆ ಮಿತಿಗೊಳಿಸಿತೇ ಹೊರತು ವಯಸ್ಕರ ಕೆಲಸದ ವೇಳೆಗೆ ಯಾವ ಮಿತಿಯನ್ನೂ ಹಾಕಲಿಲ್ಲ. ವಿಶ್ವೇಶ್ವರಯ್ಯನವರು ಮುಂದೆ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮಾಡಿ 1883ರಲ್ಲಿ ಪ್ರಥಮ ಸ್ಥಾನದಲ್ಲಿ ಉತ್ತೀರ್ಣರಾದರು.

ಲೋಕೋಪಯೋಗಿ ಇಲಾಖೆಯ ಸೇವೆ

1884ರಲ್ಲಿ ಅವರು ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯನ್ನು ಸಹಾಯಕ ಎಂಜಿನಿಯರ್ ಆಗಿ ಸೇರಿದರು. ಈ ಇಲಾಖೆಯ ಲೆಕ್ಕಪತ್ರ ಪದ್ಧತಿಯಲ್ಲಿ ಎರಡು ದಾಖಲೆಗಳಿಗೆ ವಿಶೇಷ ಸ್ಥಾನವಿದೆ. ದಿನಗೂಲಿಯವರ ಹೆಸರು ಹಾಗೂ ಹಾಜರಿಯನ್ನು ದಿನದಿನವೂ ಬರೆಯುವ ಮಸ್ಟರ್ ರೋಲ್ ಒಂದು. ಮುಗಿದ ಕೆಲಸದ ಉದ್ದ, ಅಗಲ, ಆಳಗಳನ್ನು ಬರೆಯುವ ಅಳತೆ ಪುಸ್ತಕ ಇನ್ನೊಂದು. ಮಸ್ಟರ್ ರೋಲಿಗೆ ಎರಡನೆಯ ಪ್ರತಿ ಇರಕೂಡದು. ಹಾಜರಿಯನ್ನು ವಾರದ ಕೊನೆಯಲ್ಲಿ ನೆನಪಿನಿಂದ ತುಂಬದೆ ಅಂದಂದೇ ಗುರುತಿಸಬೇಕು. ಬಟವಾಡೆಯ ದಿನ ಬಾರದವರ ಕೂಲಿಯನ್ನು ಬಾಕಿ ವೇತನವೆಂದು ಬೇರೆಯಾಗಿ ಬರೆದಿಡಬೇಕು. ದುಡಿದವನ ದಿನ ಕಳೆದುಹೋಗಬಾರದು, ದುಡಿಯದ ದಿನಕ್ಕೆ ಸರ್ಕಾರದ ಹಣ ಹೋಗಬಾರದು ಎಂಬ ಎರಡೂ ಉದ್ದೇಶಗಳು ಈ ನಿಯಮಗಳ ಹಿಂದಿವೆ.

ಈ ಸೇವೆಯ ಅವಧಿಯಲ್ಲಿಯೇ ವಿಶ್ವೇಶ್ವರಯ್ಯನವರು ನೀರಾವರಿಯಲ್ಲಿ ಬ್ಲಾಕ್ ಪದ್ಧತಿಯನ್ನು ರೂಪಿಸಿದರು. ನಾಲೆಯ ಮೇಲ್ಭಾಗದವರು ನೀರನ್ನೆಲ್ಲ ಬಳಸಿ ಕೆಳಭಾಗದವರಿಗೆ ಕೊರತೆಯಾಗದಂತೆ, ಜಮೀನುಗಳನ್ನು ವಿಭಾಗಿಸಿ ಸರದಿಯ ಮೇಲೆ ನೀರು ಹರಿಸುವುದು ಇದರ ತತ್ವ. ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ವಿನ್ಯಾಸಗೊಳಿಸಿದ ಸ್ವಯಂಚಾಲಿತ ಬಾಗಿಲುಗಳೂ ಪ್ರಸಿದ್ಧವಾಗಿವೆ. 1908ರ ಮೂಸಿ ನದಿಯ ಮಹಾಪೂರದ ನಂತರ ಹೈದರಾಬಾದ್ ನಗರದ ರಕ್ಷಣಾ ಯೋಜನೆಯಲ್ಲಿಯೂ ಅವರ ಸೇವೆ ಸಂದಿತು.

ಮೈಸೂರು ಸಂಸ್ಥಾನದಲ್ಲಿ

1909ರಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರರಾಗಿ ಬಂದರು. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭವಾಯಿತು. 1912ರಿಂದ 1918ರವರೆಗೆ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ದಿವಾನರಾಗಿದ್ದರು. 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಗೊಂಡವು.

ಸರ್ಕಾರಿ ಕಚೇರಿಗಳ ಕೆಲಸದ ರೀತಿಯನ್ನು ಪರಿಶೀಲಿಸುವ ದಕ್ಷತಾ ಪರಿಶೋಧನೆಯ ವ್ಯವಸ್ಥೆಯನ್ನು ಜಾರಿಗೆ ತಂದದ್ದು ಅವರ ಆಡಳಿತದ ಮುಖ್ಯ ಅಂಶಗಳಲ್ಲೊಂದು. ಹಣದ ಲೆಕ್ಕಕ್ಕೆ ಪರಿಶೋಧನೆ ಇರುವಂತೆ ಕೆಲಸದ ಲೆಕ್ಕಕ್ಕೂ ಇರಬೇಕೆಂಬುದು ಅದರ ಆಶಯ. ಕಚೇರಿಯಲ್ಲಿ ವ್ಯರ್ಥವಾಗುವ ವೇಳೆಯು ಹೊರಗೆ ಕಾದು ನಿಂತ ಪ್ರಜೆಯ ವೇಳೆಯೂ ಹೌದು. ಇದೇ ವಿಚಾರವು ಬಹುಕಾಲದ ನಂತರ ಕರ್ನಾಟಕದಲ್ಲಿ ಕಾನೂನಿನ ರೂಪ ಪಡೆಯಿತು. 2011ರ ಅಧಿನಿಯಮದ ಅನ್ವಯ 2012ರ ಏಪ್ರಿಲ್ 2ರಂದು ಪ್ರಾರಂಭವಾದ ಸಕಾಲ ಯೋಜನೆಯಲ್ಲಿ ನಿಗದಿತ ದಿನಗಳೊಳಗೆ ಸೇವೆ ದೊರೆಯದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಯವರೆಗೆ, ಅರ್ಜಿದಾರರಿಗೆ ಪರಿಹಾರ ವೆಚ್ಚ ನೀಡಲು ಅವಕಾಶ ಕಲ್ಪಿಸಲಾಗಿದೆ.

ಈ ಮೂರು ತಾಲ್ಲೂಕುಗಳ ಸಂಬಂಧ

ಹೊತ್ತು ನೋಡಿ ಕೆಲಸಕ್ಕೆ ಹೋಗುತ್ತಿದ್ದ ಈ ಸೀಮೆಗೆ ಗಡಿಯಾರದ ವೇಳೆಯನ್ನು ತಂದುದರಲ್ಲಿ ರೈಲಿನ ಪಾತ್ರ ದೊಡ್ಡದು. ಕಡೂರು, ಬೀರೂರು, ಅಜ್ಜಂಪುರ ಮತ್ತು ತರೀಕೆರೆ ನಿಲ್ದಾಣಗಳು ಹತ್ತೊಂಬತ್ತನೆಯ ಶತಮಾನದ ಅಂತ್ಯದ ವೇಳೆಗೆ ರೈಲು ಸಂಪರ್ಕ ಪಡೆದಿದ್ದವು. 1906ರ ಜನವರಿ 1ರಿಂದ ಭಾರತೀಯ ಪ್ರಮಾಣ ವೇಳೆ ಬಳಕೆಗೆ ಬಂದಿತು. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ತರೀಕೆರೆಯಿಂದ ನರಸಿಂಹರಾಜಪುರದ ಕಡೆಗೆ ಕಿರಿದಳತೆಯ ಟ್ರಾಮ್ ಮಾರ್ಗವೂ ನಿರ್ಮಾಣವಾಯಿತು. ಈ ಮಾರ್ಗ ಇಂದು ಇಲ್ಲ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಯೋಜನೆಯೂ ಅವರ ದಿವಾನಗಿರಿಯಲ್ಲಿಯೇ ರೂಪುಗೊಂಡಿತು. ಇದಕ್ಕೆ ಬೇಕಾದ ಅದಿರು ದೊರೆಯುತ್ತಿದ್ದುದು ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಲ್ಲಿ. ಬೆಟ್ಟದಿಂದ ರೋಪ್‌ವೇ ಮೂಲಕ ಇಳಿದ ಅದಿರು ಕಿರಿದಳತೆಯ ಹಳಿಗಳ ಮೇಲೆ ಭದ್ರಾವತಿ ಸೇರುತ್ತಿತ್ತು. ಸುತ್ತಲಿನ ಕಾಡಿನ ಸೌದೆಯಿಂದ ತಯಾರಿಸಿದ ಇದ್ದಿಲೇ ಕುಲುಮೆಗೆ ಉರುವಲು. ಕೆಮ್ಮಣ್ಣುಗುಂಡಿಯ ಗಣಿಗಾರಿಕೆ ಇಂದು ನಿಂತಿದೆ.

ಭದ್ರಾವತಿಯ ಆಡಳಿತ

1923ರ ಜನವರಿಯಲ್ಲಿ ಕುಲುಮೆ ಕೆಲಸ ಆರಂಭಿಸಿತು. ಕಬ್ಬಿಣದ ಬೆಲೆ ಕುಸಿದಿದ್ದ ಆ ಕಾಲದಲ್ಲಿ ಕಾರ್ಖಾನೆ ನಷ್ಟಕ್ಕೆ ಸಿಲುಕಿತು. ಆಗ ದಿವಾನ ಪದವಿಯಿಂದ ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರು ಆಡಳಿತ ಮಂಡಲಿಯ ಅಧ್ಯಕ್ಷರಾಗಿ 1923ರಿಂದ 1929ರವರೆಗೆ ಅದರ ಹೊಣೆ ಹೊತ್ತರು. ದುಬಾರಿ ವೇತನದ ವಿದೇಶಿ ತಜ್ಞರ ಸ್ಥಾನಗಳಿಗೆ ಮೈಸೂರಿನವರನ್ನು ತರಬೇತುಗೊಳಿಸಿ ನೇಮಿಸಲಾಯಿತು. ವೆಚ್ಚ ತಗ್ಗಿಸಿ ಉತ್ಪಾದನೆ ಹೆಚ್ಚಿಸಲಾಯಿತು.

ಊದುಕುಲುಮೆಯನ್ನು ಹಗಲು ಉರಿಸಿ ರಾತ್ರಿ ಆರಿಸಲಾಗದು. ಇಪ್ಪತ್ತನಾಲ್ಕು ಗಂಟೆಯೂ ಜನ ಬೇಕು. ಒಂದು ಪಾಳಿಯವರು ತಡವಾಗಿ ಬಂದರೆ ಹಿಂದಿನ ಪಾಳಿಯವರು ಕುಲುಮೆ ಬಿಟ್ಟು ಹೋಗುವಂತಿಲ್ಲ. ಆದುದರಿಂದ ಇಂತಹ ಕಾರ್ಖಾನೆಗಳಲ್ಲಿ ವೇಳೆಯ ದಾಖಲೆಯು ಮಾಲೀಕನಿಗೆಷ್ಟೋ ಕಾರ್ಮಿಕನಿಗೂ ಅಷ್ಟೇ ಅಗತ್ಯ. ಜಮ್‌ಷೆಡ್‌ಪುರದ ಟಾಟಾ ಕಾರ್ಖಾನೆ 1912ರಲ್ಲಿಯೇ ಎಂಟು ಗಂಟೆಯ ದಿನವನ್ನು ಅಳವಡಿಸಿಕೊಂಡಿತ್ತು. ಬ್ರಿಟಿಷ್ ಭಾರತದ ಕಾನೂನು 1922ರಲ್ಲಿ ವಾರಕ್ಕೆ 60 ಗಂಟೆ, 1934ರಲ್ಲಿ 54 ಗಂಟೆ, 1946ರಲ್ಲಿ 48 ಗಂಟೆಯ ಮಿತಿಗೆ ಬಂದಿತು.

ವಿಶ್ವೇಶ್ವರಯ್ಯನವರ ಗಮನ ಹೆಚ್ಚಾಗಿ ದಕ್ಷತೆ ಹಾಗೂ ಉತ್ಪಾದನೆಯ ಕಡೆಗಿತ್ತು. ಕಾರ್ಮಿಕನ ಪಾಲಿನ ನಿಮಿಷಗಳನ್ನು ರಕ್ಷಿಸುವ ಕಾನೂನು ಬೇರೊಂದು ದಾರಿಯಿಂದ, ಕಾರ್ಮಿಕರ ಒತ್ತಾಯ ಹಾಗೂ ಶಾಸನಗಳ ಮೂಲಕ, ಬೆಳೆದುಬಂದಿತು. ಆದರೆ ತಮ್ಮ ದುಡಿಮೆಯ ವಿಷಯದಲ್ಲಿ ಅವರು ನಡೆದುಕೊಂಡ ರೀತಿ ಸ್ಮರಣೀಯವಾದುದು. ಭದ್ರಾವತಿಯ ಅಷ್ಟು ವರ್ಷಗಳ ಸೇವೆಗೆ ಅವರು ವೇತನ ಪಡೆಯಲಿಲ್ಲ. ಸರ್ಕಾರವು ಸಲ್ಲಬೇಕಾದ ಮೊತ್ತವನ್ನು ಕೊಡಲು ಮುಂದಾದಾಗ ಅದನ್ನು ಯುವಕರಿಗೆ ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ವಿನಿಯೋಗಿಸಲು ಕೋರಿದರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಇದರ ಫಲ. ತಮಗೆ ಸಲ್ಲಬೇಕಾದುದನ್ನು ಬಿಟ್ಟುಕೊಡುವ ಅಧಿಕಾರ ದುಡಿದವರದೇ ಹೊರತು ದುಡಿಸಿಕೊಂಡವರದಲ್ಲ ಎಂಬುದನ್ನು ಇಲ್ಲಿ ಗಮನಿಸಬಹುದು.

1955ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ಸಂದಿತು. 1962ರ ಏಪ್ರಿಲ್ 14ರಂದು ಶತಾಯುಷಿಯಾಗಿ ಅವರು ನಿಧನ ಹೊಂದಿದರು. ಭದ್ರಾವತಿಯ ಕಾರ್ಖಾನೆಗೆ ನಂತರ ಅವರ ಹೆಸರನ್ನೇ ಇಡಲಾಯಿತು.

ವೇಳೆಯನ್ನು ಸರಿಹೊಂದಿಸುವ ಬಗ್ಗೆ ಇಂದಿನ ನಿಯಮ

ಹಾಜರಿ ಪುಸ್ತಕ, ಟೋಕನ್, ಪಂಚ್ ಕಾರ್ಡ್, ಬೆರಳಚ್ಚು ಯಂತ್ರ, ಮೊಬೈಲ್ ಫೋನ್ ಹೀಗೆ ದಾಖಲಿಸುವ ಸಾಧನ ಯಾವುದೇ ಇರಲಿ, ಬಂದ ಹಾಗೂ ಹೋದ ವೇಳೆಯನ್ನು ಕಾಲು ಗಂಟೆ ಅಥವಾ ಅರ್ಧ ಗಂಟೆಗೆ ಸರಿಹೊಂದಿಸಿ ಲೆಕ್ಕ ಹಾಕುವ ಪದ್ಧತಿ ಹಲವೆಡೆ ಇದೆ. ಈ ಸರಿಹೊಂದಿಕೆ ಯಾವಾಗಲೂ ಒಂದೇ ಕಡೆಗೆ ವಾಲಿದರೆ ನಷ್ಟ ಬೆಳೆಯುತ್ತದೆ.

ಉದಾಹರಣೆಗೆ, ಲೆಕ್ಕದ ಸುಲಭಕ್ಕಾಗಿ 8 ಗಂಟೆಯ ದಿನಕ್ಕೆ 480 ರೂಪಾಯಿ ವೇತನವೆಂದು ಇಟ್ಟುಕೊಂಡರೆ ಗಂಟೆಗೆ 60 ರೂಪಾಯಿ, 15 ನಿಮಿಷಕ್ಕೆ 15 ರೂಪಾಯಿ ಆಗುತ್ತದೆ. 15 ನಿಮಿಷ ತಡವಾದುದಕ್ಕೆ ಅರ್ಧ ದಿನವೆಂದು 240 ರೂಪಾಯಿ ಹಿಡಿದರೆ ದುಡಿದ ವೇಳೆಯ 225 ರೂಪಾಯಿ ಕೈತಪ್ಪಿದಂತಾಗುತ್ತದೆ. ದಿನಕ್ಕೆ 10 ನಿಮಿಷ ಲೆಕ್ಕದಿಂದ ಬಿಟ್ಟುಹೋದರೂ 26 ದಿನಗಳಲ್ಲಿ 4 ಗಂಟೆ 20 ನಿಮಿಷ, ಅಂದರೆ 260 ರೂಪಾಯಿ ಆಗುತ್ತದೆ.

1. ಗೈರುಹಾಜರಿಯ ಕಡಿತವು ಗೈರಾದ ವೇಳೆಯ ಪ್ರಮಾಣವನ್ನು ಮೀರಕೂಡದು. 1936ರ ವೇತನ ಪಾವತಿ ಕಾಯಿದೆಯಲ್ಲಿದ್ದ ಈ ನಿಯಮವನ್ನು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ, 2019ರ 20ನೇ ಪ್ರಕರಣದಲ್ಲಿ ಮುಂದುವರಿಸಲಾಗಿದೆ. ಹತ್ತು ಅಥವಾ ಹೆಚ್ಚು ಮಂದಿ ಒಟ್ಟಾಗಿ, ಸೂಚನೆ ನೀಡದೆ ಹಾಗೂ ಸಮಂಜಸ ಕಾರಣವಿಲ್ಲದೆ ಗೈರಾದಾಗ ಮಾತ್ರ ಪ್ರತ್ಯೇಕ ನಿಯಮವಿದ್ದು, ಅದರ ಮಿತಿ 8 ದಿನಗಳ ವೇತನವಾಗಿರುತ್ತದೆ.

2. ದಂಡ ವಿಧಿಸುವುದಾದರೆ ಅದು ಆ ವೇತನಾವಧಿಯ ವೇತನದ ಶೇಕಡ 3ನ್ನು ಮೀರಕೂಡದು. ಸಂಬಂಧಿಸಿದವರಿಗೆ ಕಾರಣ ಹೇಳಲು ಅವಕಾಶ ನೀಡಿರಬೇಕು.

3. ಸಾಮಾನ್ಯ ಕೆಲಸದ ದಿನವನ್ನು ಮೀರಿದ ದುಡಿಮೆಗೆ ಸಾಮಾನ್ಯ ದರದ ಎರಡು ಪಟ್ಟಿಗೆ ಕಡಿಮೆಯಿಲ್ಲದ ವೇತನ ಸಲ್ಲಬೇಕು. 2020ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಔದ್ಯೋಗಿಕ ಸುರಕ್ಷತೆಯ ಕರಡು ನಿಯಮಗಳಲ್ಲಿ 15ರಿಂದ 30 ನಿಮಿಷದವರೆಗಿನ ಹೆಚ್ಚುವರಿ ವೇಳೆಯನ್ನು 30 ನಿಮಿಷವೆಂದೂ ಅದಕ್ಕೆ ಮೇಲ್ಪಟ್ಟುದನ್ನು ಒಂದು ಗಂಟೆಯೆಂದೂ ಎಣಿಸಲು ಪ್ರಸ್ತಾಪಿಸಲಾಗಿತ್ತು. ಇಲ್ಲಿ ಸರಿಹೊಂದಿಕೆ ದುಡಿದವರ ಪರವಾಗಿರುವುದನ್ನು ಕಾಣಬಹುದು.

4. ಉದ್ಯೋಗದಾತರು ವೇತನ ಚೀಟಿ ನೀಡತಕ್ಕದ್ದು. ಕೃಷಿ ಅಥವಾ ಮನೆಗೆಲಸಕ್ಕೆ ಐದಕ್ಕಿಂತ ಹೆಚ್ಚಿಲ್ಲದ ಜನರನ್ನು ಇಟ್ಟುಕೊಂಡವರಿಗೆ ವಹಿ ಮತ್ತು ಚೀಟಿಯ ನಿಯಮದಿಂದ ವಿನಾಯಿತಿ ಇದೆ. ಇಂತಹ ಕಡೆ ದುಡಿಯುವವರು ತಮ್ಮದೇ ಲೆಕ್ಕ ಬರೆದಿಟ್ಟುಕೊಳ್ಳುವುದು ಇನ್ನೂ ಅಗತ್ಯ.

ಅರ್ಜಿದಾರರಿಗೆ ಸೂಚನೆ

ಬಾಕಿ ವೇತನ ಅಥವಾ ಅಕ್ರಮ ಕಡಿತದ ಕ್ಲೇಮು ಅರ್ಜಿಯನ್ನು ಕ್ಲೇಮು ಉದ್ಭವಿಸಿದ ದಿನಾಂಕದಿಂದ 3 ವರ್ಷಗಳೊಳಗೆ ಸಲ್ಲಿಸಬಹುದಾಗಿದೆ. ಅರ್ಜಿಯೊಂದಿಗೆ ವೇತನ ಚೀಟಿ, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ ಹಾಗೂ ತಾವು ಬಂದ ಮತ್ತು ಹೋದ ವೇಳೆಯನ್ನು ದಿನಾಂಕವಾರು ಬರೆದ ಪಟ್ಟಿಯನ್ನು ಲಗತ್ತಿಸಿದಲ್ಲಿ ಪರಿಶೀಲನೆಗೆ ಅನುಕೂಲವಾಗುತ್ತದೆ. ಪಟ್ಟಿಯನ್ನು ಅಂದಂದೇ ಬರೆಯಬೇಕು. ತಿಂಗಳ ಕೊನೆಯಲ್ಲಿ ನೆನಪಿನಿಂದ ಬರೆದ ಲೆಕ್ಕಕ್ಕೆ ಬೆಲೆ ಕಡಿಮೆ. ಓದು ಬರಹ ಬಾರದವರು ಮನೆಯವರಿಂದ ಬರೆಯಿಸಿಕೊಳ್ಳಬಹುದು.

ಹೆಚ್ಚಿನ ವಿವರಗಳಿಗಾಗಿ ಆಯಾ ವ್ಯಾಪ್ತಿಯ ಕಾರ್ಮಿಕ ನಿರೀಕ್ಷಕರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಿ, ಸಾರ್ವಜನಿಕರು ಈ ಮಾಹಿತಿಯ ಪ್ರಯೋಜನ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.