ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ಕಲಾನಗರಿ ಮೈಸೂರು

ಒಂದು ನಗರವು ಕಲೆಯ ತವರೆನಿಸಬೇಕಾದರೆ ವಿದ್ವಾಂಸರಿಗೆ ಶಾಲು ಹೊದಿಸಿದರಷ್ಟೇ ಸಾಲದು. ನಾಲ್ವಡಿ ಕೃಷ್ಣರಾಜ ಒಡೆಯರ ಜೀವನವನ್ನು ಓದಿದಾಗ ನನಗೆ ಮನದಟ್ಟಾದ ಸಂಗತಿಯಿದು.

1884ರ ಜೂನ್ 4ರಂದು ಜನಿಸಿದ ಒಡೆಯರು ಹತ್ತನೆಯ ವಯಸ್ಸಿನಲ್ಲಿಯೇ ತಂದೆಯವರನ್ನು ಕಳೆದುಕೊಂಡರು. ಮಾತೃಶ್ರೀ ವಾಣೀವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿ ನಾಡನ್ನಾಳಿ, 1902ರಲ್ಲಿ ಮಗನಿಗೆ ಅಧಿಕಾರವನ್ನೊಪ್ಪಿಸಿದರು. ಸ್ವತಃ ಸಂಗೀತಜ್ಞರಾಗಿದ್ದ ಅರಸರ ಆಸ್ಥಾನವನ್ನು ವೀಣೆ ಶೇಷಣ್ಣ, ವಾಸುದೇವಾಚಾರ್ಯ, ಮುತ್ತಯ್ಯ ಭಾಗವತರ್ ಮೊದಲಾದವರು ಬೆಳಗಿದರು.

ಇಂಥ ಆಶ್ರಯವನ್ನು ಬೇರೆ ಅರಸರೂ ಕೊಟ್ಟಿದ್ದುಂಟು. ಒಡೆಯರು ಮುಂದಕ್ಕೂ ಯೋಚಿಸಿದರು. 1906ರಲ್ಲಿ ಮೈಸೂರಿನಲ್ಲಿ ತಂದೆಯವರ ಹೆಸರಿನ ತಾಂತ್ರಿಕ ವಿದ್ಯಾಸಂಸ್ಥೆಗೆ ಶಂಕುಸ್ಥಾಪನೆಯಾಯಿತು. ಕೈಕಸುಬಿಗೆ ಶಾಲೆಯ ಗೌರವ ಬಂದಿತು. ತರುಣ ಚಿತ್ರಕಾರ ವೆಂಕಟಪ್ಪನವರಿಗೆ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿಯುವ ಅನುಕೂಲ ಒದಗಿತು. 1915ರಲ್ಲಿ ಜಗನ್ಮೋಹನ ಅರಮನೆ ಚಿತ್ರಶಾಲೆಯಾಯಿತು. ಮರುವರ್ಷ ವಿಶ್ವವಿದ್ಯಾನಿಲಯ ಹುಟ್ಟಿತು. 1912ರಲ್ಲಿ ಪೂರ್ಣಗೊಂಡ ಹೊಸ ಅರಮನೆಯ ಕಲ್ಯಾಣಮಂಟಪಕ್ಕೆ ದಸರಾ ಮೆರವಣಿಗೆಯ ಚಿತ್ರಗಳನ್ನು ಮುಂದೆ ನಾಡಿನ ಚಿತ್ರಗಾರರೇ ಬರೆದರು. ಹೀಗೆ ಕಲಿಯಲು ಶಾಲೆ, ದುಡಿಯಲು ಕೆಲಸ, ತೋರಿಸಲು ಸ್ಥಳ ಮೂರೂ ಒಂದೇ ಊರಿನಲ್ಲಿ ಕೂಡಿದವು.

1940ರ ಆಗಸ್ಟ್ 3ರಂದು ಒಡೆಯರು ಕೀರ್ತಿಶೇಷರಾದರು. ಅರಸೊತ್ತಿಗೆಯೂ ಹೋಯಿತು. ಒಬ್ಬರ ಅಭಿರುಚಿಯನ್ನೇ ನೆಚ್ಚಿದ ಕಲೆ ಅವರೊಡನೆ ಸೊರಗೀತು. ಸಂಸ್ಥೆಗಳಾದರೋ ಉಳಿದು ಇನ್ನೊಬ್ಬರನ್ನು ಬೆಳೆಸುತ್ತವೆ. ಕಾಲೇಜಿನ ಮೆಟ್ಟಿಲನ್ನೇ ಕಾಣದ ಮನೆತನದಿಂದ ಬಂದ ನನ್ನಂಥವನಿಗೆ ಆಸ್ಥಾನದ ಬಾಗಿಲಿಗಿಂತ ಶಾಲೆಯ ಬಾಗಿಲೇ ದೊಡ್ಡದು. ವಿದ್ಯಾರ್ಥಿಮಿತ್ರರೇ, ಅಂದು ಅರಸರು ಹೊತ್ತ ಹೊಣೆ ಇಂದು ನಮ್ಮ ನಗರಸಭೆಗಳದು. ಅವುಗಳನ್ನು ಚುನಾಯಿಸುವ ನಮ್ಮದೂ ಹೌದು.