ರಸಾಯನಜ್ಞ ಕ್ಲಾಪ್ರೋತ್

ಹಳೆಯ ಗಾಜಿನ ತಟ್ಟೆ ಬಟ್ಟಲುಗಳನ್ನು ಸಂಗ್ರಹಿಸುವವರು ಹಳದಿ ಬಣ್ಣವನ್ನು ಕಂಡಮಾತ್ರಕ್ಕೆ ನಂಬರು. ಕತ್ತಲೆಯಲ್ಲಿ ಅತಿನೇರಳೆ ದೀಪ ಹಿಡಿದು ನೋಡುವರು. ಗಾಜು ಉಜ್ವಲವಾದ ಹಸುರು ಕಾಂತಿಯಿಂದ ಬೆಳಗಿದರೆ ಅದರಲ್ಲಿ ಯುರೇನಿಯಂ ಬೆರೆತಿದೆಯೆಂದು ತಿಳಿಯುವರು. ಆ ಧಾತುವನ್ನು ಗುರುತಿಸಿದ ಮಾರ್ಟಿನ್ ಹೈನ್ರಿಕ್ ಕ್ಲಾಪ್ರೋತನ ಚರಿತ್ರೆಯನ್ನು ನಾವಿಲ್ಲಿ ಸಂಕ್ಷೇಪವಾಗಿ ಹೇಳುವೆವು.

1743ರಲ್ಲಿ ಜರ್ಮನಿಯ ವೆರ್ನಿಗೆರೋಡೆಯಲ್ಲಿ ದರ್ಜಿಯೊಬ್ಬನ ಮಗನಾಗಿ ಜನಿಸಿದ ಈತನು ವಿಶ್ವವಿದ್ಯಾಲಯದ ಶಿಕ್ಷಣವಿಲ್ಲದೆ, ಔಷಧಾಲಯಗಳಲ್ಲಿ ದುಡಿಯುತ್ತಲೇ ರಸಾಯನಶಾಸ್ತ್ರವನ್ನು ಕಲಿತನು. ತಕ್ಕಡಿಯೇ ಅವನ ಗುರು. ಅದಿರಿನ ಅಂಶಗಳನ್ನು ತೂಗಿದಾಗ ಮೊತ್ತವು ನೂರಕ್ಕೆ ಕೂಡದಿದ್ದರೆ ಅಂಕಿಗಳನ್ನು ತಿದ್ದುವುದು ಅಂದಿನ ರೂಢಿ. ಈತನಾದರೋ ಕೊರತೆಯನ್ನು ಇದ್ದಂತೆಯೇ ಬರೆದನು. ಪುಸ್ತಕದ ಕೊನೆಯ ಉತ್ತರವನ್ನು ನೋಡಿ ಲೆಕ್ಕ ಹೊಂದಿಸುವ ನಮ್ಮ ಬಾಲಮಿತ್ರರು ಇದನ್ನು ಲಕ್ಷಿಸಬೇಕು!

1789ರಲ್ಲಿ ಪಿಚ್‌ಬ್ಲೆಂಡ್ ಎಂಬ ಕಪ್ಪು ಅದಿರನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಕ್ಷಾರ ಬೆರೆಸಲು ಹಳದಿಯ ಗಸಿ ಇಳಿಯಿತು. ಅದರಲ್ಲಡಗಿದ್ದ ಹೊಸ ಧಾತುವಿಗೆ, 1781ರಲ್ಲಿ ಕಾಣಸಿಕ್ಕಿದ್ದ ಯುರೇನಸ್ ಗ್ರಹದ ಹೆಸರನ್ನಿಟ್ಟನೇ ಹೊರತು ತನ್ನದನ್ನಲ್ಲ. ಲೋಹವೆಂದು ಅವನು ಬಗೆದುದು ಆಕ್ಸೈಡೇ ಆಗಿತ್ತು. ನಿಜವಾದ ಲೋಹವನ್ನು 1841ರಲ್ಲಿ ಪೆಲಿಗೋ ಬೇರ್ಪಡಿಸಿದನು. ಆದರೆ ಗಾಜಿಗೆ ಬಣ್ಣ ಕಟ್ಟಲು ಆ ವಸ್ತು ಒದಗುವುದೆಂಬುದನ್ನು ಕ್ಲಾಪ್ರೋತನೇ ಕಂಡಿದ್ದನು.

1810ರಲ್ಲಿ, ಕಾಲೇಜನ್ನೇ ಕಾಣದ ಈತನು ಬರ್ಲಿನ್ನಿನ ಹೊಸ ವಿಶ್ವವಿದ್ಯಾಲಯದ ಮೊದಲ ರಸಾಯನಶಾಸ್ತ್ರ ಪ್ರಾಧ್ಯಾಪಕನಾದನು. 1817ರ ಜನವರಿ 1ರಂದು ತೀರಿಕೊಂಡನು. ಬೊಹೀಮಿಯದ ಗಾಜುಗಾರರು 1830ರ ದಶಕದಲ್ಲಿ ಹೇರಳವಾಗಿ ತಯಾರಿಸತೊಡಗಿದ ಆ ಹಳದಿ ಹಸುರು ಬಟ್ಟಲುಗಳನ್ನು ಅವನು ನೋಡಲೇ ಇಲ್ಲ.