ಆಂಜೆಲಸ್ ಟೆಂಪಲ್‌ನ ಏಮಿ ಮ್ಯಾಕ್‌ಫರ್ಸನ್

ಸಾವಿರಾರು ಜನರನ್ನು ಒಂದೇ ಸೂರಿನಡಿ ಸೇರಿಸಿ ಸ್ತುತಿ, ಸಂಗೀತ, ಸ್ವಸ್ಥತಾ ಪ್ರಾರ್ಥನೆ ನಡೆಸುವ ಬೃಹತ್ ಚರ್ಚುಗಳಿಗೆ ಅಮೆರಿಕದಲ್ಲಿ ದಾರಿ ಹಾಕಿಕೊಟ್ಟವರಲ್ಲಿ ಏಮಿ ಸೆಂಪಲ್ ಮ್ಯಾಕ್‌ಫರ್ಸನ್ ಪ್ರಮುಖರು. ಇಷ್ಟೇ ವಾದವಿವಾದಕ್ಕೆ ಗುರಿಯಾದ ಪ್ರಬೋಧಕರೂ ಅಪರೂಪ.

1890ರ ಅಕ್ಟೋಬರ್ 9ರಂದು ಕೆನಡಾದ ಒಂಟಾರಿಯೋದಲ್ಲಿ ರೈತ ಕುಟುಂಬವೊಂದರಲ್ಲಿ ಅವರ ಜನನ. 1908ರಲ್ಲಿ ಪೆಂತೆಕೋಸ್ತ್ ಪ್ರಬೋಧಕ ರಾಬರ್ಟ್ ಸೆಂಪಲ್‌ರನ್ನು ವಿವಾಹವಾದರು. 1910ರಲ್ಲಿ ಮಿಷನರಿ ಸೇವೆಗಾಗಿ ದಂಪತಿ ಚೀನಾಕ್ಕೆ ಹೋದರು. ಅದೇ ವರ್ಷ ಹಾಂಗ್‌ಕಾಂಗ್‌ನಲ್ಲಿ ಪತಿ ರೋಗದಿಂದ ತೀರಿಕೊಂಡಾಗ ಏಮಿ ತುಂಬು ಗರ್ಭಿಣಿ, ವಯಸ್ಸು 19.

ಹೆರಿಗೆಯ ಬಳಿಕ ಅಮೆರಿಕಕ್ಕೆ ಮರಳಿ ಹೆರಾಲ್ಡ್ ಮ್ಯಾಕ್‌ಫರ್ಸನ್‌ರನ್ನು ವರಿಸಿದರು. ಊರೂರು ಸುತ್ತಿ ಡೇರೆಗಳಲ್ಲಿ ಸಭೆ ನಡೆಸುತ್ತಿದ್ದ ಅವರ ಈ ಸಂಸಾರವೂ ಉಳಿಯಲಿಲ್ಲ. 1918ರಲ್ಲಿ ತಾಯಿ ಹಾಗೂ ಇಬ್ಬರು ಮಕ್ಕಳೊಂದಿಗೆ ಕಾರಿನಲ್ಲೇ ಲಾಸ್ ಏಂಜಲೀಸ್ ತಲುಪಿದರು. 1923ರ ಜನವರಿ 1ರಂದು ಅಲ್ಲಿ 5,300 ಆಸನಗಳ ಆಂಜೆಲಸ್ ಟೆಂಪಲ್ ತೆರೆಯಿತು. ಮರುವರ್ಷ ಸ್ವಂತ ರೇಡಿಯೋ ಕೇಂದ್ರವೂ ಬಂತು. ಪ್ರಬೋಧನೆಯನ್ನು ನಾಟಕದಂತೆ ವೇದಿಕೆಯಲ್ಲಿ ತೋರಿಸುತ್ತಿದ್ದರು. ಒಮ್ಮೆ ಸಂಚಾರಿ ಪೊಲೀಸ್ ವೇಷದಲ್ಲಿ ಮೋಟಾರ್‌ಸೈಕಲ್ ಜತೆಗೇ ಕಾಣಿಸಿಕೊಂಡರು. ಇದು ಆರಾಧನೆಯಲ್ಲ, ಬರೀ ಪ್ರದರ್ಶನ ಎಂದು ಇತರ ಸಭೆಗಳ ಪಾಸ್ಟರುಗಳು ಟೀಕಿಸಿದರು.

1926ರ ಮೇ 18ರಂದು ಏಮಿ ಸಮುದ್ರತೀರದಿಂದ ನಾಪತ್ತೆಯಾದರು. ಮುಳುಗಿರಬೇಕೆಂದು ಭಕ್ತರು ದಡದಲ್ಲಿ ಕಣ್ಣೀರಿಟ್ಟರು. ಹುಡುಕಲು ನೀರಿಗಿಳಿದ ಮುಳುಗುಗಾರರೊಬ್ಬರು ಪ್ರಾಣ ಕಳಕೊಂಡರು. ಐದು ವಾರಗಳ ನಂತರ ಮೆಕ್ಸಿಕೋ ಗಡಿಯಲ್ಲಿ ಪತ್ತೆಯಾದ ಏಮಿ, ತನ್ನನ್ನು ಅಪಹರಿಸಲಾಗಿತ್ತು ಎಂದರು. ರೇಡಿಯೋ ಕೇಂದ್ರದ ಮಾಜಿ ತಂತ್ರಜ್ಞನ ಜತೆಗಿದ್ದರು ಎಂಬ ಆರೋಪ ಎದ್ದು ಮೊಕದ್ದಮೆ ದಾಖಲಾಯಿತು. ಪ್ರಮುಖ ಸಾಕ್ಷಿ ಮಾತು ಬದಲಿಸಿದ್ದರಿಂದ 1927ರ ಜನವರಿಯಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಸತ್ಯ ಮಾತ್ರ ಇತ್ಯರ್ಥವಾಗಲಿಲ್ಲ.

ಅದೇ ವರ್ಷ ಅವರು ಬಡವರಿಗಾಗಿ ಅನ್ನ-ಬಟ್ಟೆಯ ಕೇಂದ್ರ ತೆರೆದರು. ಮುಂದೆ ಆರ್ಥಿಕ ಕುಸಿತದ ದಿನಗಳಲ್ಲಿ ಧರ್ಮ, ಬಣ್ಣ ಕೇಳದೆ ಅಲ್ಲಿ ನೆರವು ಸಿಗುತ್ತಿತ್ತು. ಸರಕಾರದ ಬಾಗಿಲು ತಟ್ಟಲು ಹೆದರುತ್ತಿದ್ದ ಮೆಕ್ಸಿಕೋ ಮೂಲದ ಕಥೋಲಿಕ ಕುಟುಂಬಗಳೂ ಅಲ್ಲಿಗೆ ಬಂದವು. ನಂತರ ಹಾಲಿವುಡ್ ನಟರಾದ ಆಂಥೋನಿ ಕ್ವಿನ್ ಹುಡುಗನಾಗಿದ್ದಾಗ ಆ ಸಭೆಯ ವಾದ್ಯವೃಂದದಲ್ಲಿದ್ದರು.

ತಾಯಿಯೊಂದಿಗೆ, ಆಮೇಲೆ ಮಗಳೊಂದಿಗೂ ಏಮಿ ಅವರ ಸಂಬಂಧ ಮುರಿಯಿತು. ಮೂರನೆಯ ವಿವಾಹವೂ ವಿಚ್ಛೇದನದಲ್ಲಿ ಕೊನೆಗೊಂಡಿತು. 1944ರ ಸೆಪ್ಟೆಂಬರ್ 27ರಂದು ಓಕ್ಲೆಂಡ್‌ನಲ್ಲಿ ನಿದ್ರೆಗುಳಿಗೆ ಹೆಚ್ಚಾಗಿ ನಿಧನರಾದರು. ಅದು ಆಕಸ್ಮಿಕವಿರಬೇಕೆಂದು ತನಿಖೆ ತಿಳಿಸಿತು. ಅವರು ಸ್ಥಾಪಿಸಿದ ಫೋರ್‌ಸ್ಕ್ವೇರ್ ಸಭೆಯನ್ನು ಪುತ್ರ ರಾಲ್ಫ್ 1988ರವರೆಗೆ ಮುನ್ನಡೆಸಿದರು. ಇಂದು ಅದು ನೂರಕ್ಕೂ ಹೆಚ್ಚು ದೇಶಗಳಲ್ಲಿದೆ.

ವ್ಯಕ್ತಿಯೊಬ್ಬರ ವರ್ಚಸ್ಸಿನ ಮೇಲೆ ನಿಂತ ಸಭೆ ಆ ವ್ಯಕ್ತಿ ಎಡವಿದಾಗ ನಡುಗುತ್ತದೆ. ಹಸಿದವನಿಗೆ ಅಲ್ಲಿ ಸಿಕ್ಕಿದ ಊಟ ಮಾತ್ರ ಸುಳ್ಳಾಗುವುದಿಲ್ಲ. ಏಮಿಯವರ ಜೀವನವನ್ನು ತೂಗುವವರು ಇವೆರಡನ್ನೂ ತಕ್ಕಡಿಯಲ್ಲಿಡಬೇಕು.